ನಾನು ಬೈಯದ ಬೈಗುಳ

ಅಕ್ಟೋಬರ್ 21, ಸೋಮವಾರ

ನಾಲ್ಕೂವರೆಗೆ ಎದ್ದೆ. ಕಾರಿನ ಗಾಜಿನ ಮೇಲೆ ಹಿಮ ಕೂತಿತ್ತು, ಕೆರೆದು ತೆಗೆಯುವಷ್ಟರಲ್ಲಿ ಬೆರಳು ಮರಗಟ್ಟಿದವು. ಆರಕ್ಕೆ ರೇಡಿಯೋ ಸ್ಟೇಷನ್ನಿನಲ್ಲಿ, ಮೈಕ್ ಮುಂದೆ. ಹವಾಮಾನ, ಗೋಧಿ ದರ, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಸಾಗಿಸುವ ಲಾರಿಗಳಿಗೆ ರಸ್ತೆ ಸುದ್ದಿ, ಆಮೇಲೆ ನನ್ನ ಹತ್ತು ನಿಮಿಷ.

ಇವತ್ತೂ ಆಚೆ ಪಕ್ಷದ ಸೆನೆಟರ್‌ನನ್ನು ಹಿಡಿದುಕೊಂಡೆ. ಮೂರು ತಿಂಗಳ ಹಿಂದೆ ಅವನ ಕಚೇರಿಯಿಂದ ರಕ್ಷಣಾ ವರದಿಯೊಂದು ಪತ್ರಿಕೆಗೆ ಸೋರಿತು. ಕೇಳಿದರೆ ನಗುತ್ತಾನೆ! ಇನ್ನು ಎರಡು ವಾರಕ್ಕೆ ಚುನಾವಣೆ. ಇಂಥವನು ಅಧ್ಯಕ್ಷನಾದರೆ ನಮ್ಮ ಗೋಧಿ ಹೊಲಗಳ ಕೆಳಗಿರುವ ಕ್ಷಿಪಣಿಗಳೆಲ್ಲ ಅವನ ಒಂದು ಮಾತಿಗೆ ಕಾಯಬೇಕು. ಅವು ಅಲ್ಲಿರುವುದೇ ಯಾರೂ ಅವನ್ನು ಹಾರಿಸುವ ದಿನ ಬಾರದಿರಲಿ ಎಂದು. ಅದಕ್ಕೆ ಗಟ್ಟಿ ಮನುಷ್ಯ ಬೇಕು, ಬಾಯಿ ಮುಚ್ಚಿಕೊಂಡಿರಬಲ್ಲವನು ಬೇಕು. ಅವನೆದುರು ಚುನಾವಣೆಗೆ ನಿಂತ ನಮ್ಮ ಗವರ್ನರ್ ಅಂಥವನು. "ಮನೆ ಮಾತನ್ನ ಬೀದಿಗೆ ಹಾಕೋರ ಕೈಗೆ ಮನೆ ಕೀಲಿ ಕೊಡ್ತೀರಾ?" ಎಂದೆ. ಚೆನ್ನಾಗಿ ಬಂತು.

ಸ್ಟುಡಿಯೋದ ಗಾಜಿನ ಆಚೆ ಒಫೀಲಿಯ ಸೂರು ನೋಡುತ್ತ ಕೂತಿದ್ದಳು. ಹನ್ನೊಂದು ವರ್ಷದಿಂದ ನನ್ನ ಇಂಜಿನಿಯರ್. ಹನ್ನೊಂದು ವರ್ಷದಿಂದಲೂ ಆಚೆ ಪಕ್ಷಕ್ಕೇ ಓಟು. ನಾನು ದೇಶದ ರಕ್ಷಣೆ ಅಂದಕೂಡಲೇ ಅವಳ ಕಣ್ಣು ಸೂರಿಗೆ ಹೋಗುತ್ತದೆ.

ಕೊನೆಯಲ್ಲಿ ಯಾರೋ ಕುಡಿದವನು ಫೋನ್ ಮಾಡಿ ನಮ್ಮ ಗವರ್ನರ್‌ಗೆ ಹೊಲಸು ಬೈದ. ಸ್ಟುಡಿಯೋದಲ್ಲಿ ಆಡಿದ್ದು ಏಳು ಸೆಕೆಂಡು ತಡವಾಗಿ ಹೊರಗೆ ಹೋಗುವುದರಿಂದ ಬಚಾವು — ಒಫೀಲಿಯ ಗುಂಡಿ ಒತ್ತಿದಳು, ಬೈಗುಳ ಮಾಯ, ಅದರ ಜಾಗಕ್ಕೆ ಬೀಜದ ಕಂಪನಿಯ ಹಾಡು. ಮಾತಿನ ಮಧ್ಯೆ ಆ ಹಾಡು ಬಂತೆಂದರೆ ಯಾರೋ ಬೈದರು ಎಂದು ಕೌಂಟಿಯ ಮಕ್ಕಳಿಗೂ ಗೊತ್ತು. ಅವಳ ಸೆನೆಟರ್‌ಗೆ ಬೈದರೂ ಒತ್ತುತ್ತಾಳೆ, ನಮ್ಮವನಿಗೆ ಬೈದರೂ ಒತ್ತುತ್ತಾಳೆ. ಅದನ್ನು ಮಾತ್ರ ಒಪ್ಪಬೇಕು.

ನಿನ್ನೆ ಮಧ್ಯಾಹ್ನದ ಊಟಕ್ಕೆ ಮಗಳು ಮಾರ್ಲಿಸ್, ಅಳಿಯ ಟ್ರೆಂಟ್ ಬಂದಿದ್ದರು. ಅವಳಿಗೆ ಈಗ ಏಳು ತಿಂಗಳು. ಅವನು ಶೆರಿಫ್ ಆಫೀಸಿನಲ್ಲಿ ಡೆಪ್ಯುಟಿ, ಕೌಂಟಿಯ ಪೊಲೀಸು. ಹೊರಡುವಾಗ ಕಿವಿಯಲ್ಲಿ ಹೇಳಿದ: "ಗುರುವಾರ ಬೆಳಿಗ್ಗೆ ಎಂಟಕ್ಕೆ ಆ ರಸ್ತೆ ಕಡೆ ಗಾಡಿ ತರಬೇಡಿ ಮಾವ, ಸಿಡಿತಲೆ ಸಾಗಿಸ್ತಾರೆ, ಗಂಟೆಗಟ್ಟಲೆ ನಿಲ್ಲಿಸಿಬಿಡ್ತಾರೆ." ಹೇಳಬಾರದಿತ್ತು. ವಾಯುಪಡೆಯ ಸಿಡಿತಲೆ ಟ್ರಕ್ಕು ಹೊರಟಿದ್ದು ಹೆಲಿಕಾಪ್ಟರ್ ಸದ್ದಿನಿಂದ ನಮಗೆ ಗೊತ್ತಾಗಬೇಕು, ಅದಕ್ಕೆ ಮೊದಲು ಗೊತ್ತಾಗಬಾರದು. ಮಾವನ ಮೇಲಿನ ಪ್ರೀತಿಗೆ ಹೇಳಿದ, ಪಾಪ. ಒಳ್ಳೆ ಹುಡುಗ.

ಅಕ್ಟೋಬರ್ 24, ಗುರುವಾರ. ಬೆಳಿಗ್ಗೆ ಒಂಬತ್ತು

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಏಳಕ್ಕೆ ಸ್ವಲ್ಪ ಮುಂಚೆ. ಸೋರಿಕೆಯ ವಿಷಯದಲ್ಲೇ ಇದ್ದೆ. ಸೆನೆಟರ್‌ನ ಬಾಯಿಗೆ ಬಾಗಿಲೇ ಇಲ್ಲ ಅಂತ ಹೇಳುತ್ತಿದ್ದೆ... ಅಷ್ಟರಲ್ಲಿ ಒಬ್ಬ ಲಾರಿ ಡ್ರೈವರ್‌ನ ಫೋನ್. ಸೇತುವೆ ರಿಪೇರಿಯಲ್ಲಿದೆ, ಸಕ್ಕರೆ ಕಾರ್ಖಾನೆಗೆ ಯಾವ ಕಡೆಯಿಂದ ಹೋಗಲಿ ಎಂದ. "ಉತ್ತರ ರೇಡಿಯೋದಲ್ಲೇ ಕೇಳ್ತೀನಿ," ಎಂದು ಫೋನ್ ಇಟ್ಟ. ದನಿ ತುಂಬ ನಿದ್ದೆ. ರಾತ್ರಿಯೆಲ್ಲ ಬೀಟ್ ತುಂಬಿರಬೇಕು. ಅವನಿಗೊಂದು ಉಪಕಾರ ಮಾಡೋಣ ಎಂದು, ಅಷ್ಟೇ, ಬೇರೆ ಏನೂ ಇಲ್ಲ — "ಕೇಳಪ್ಪಾ," ಎಂದವನು ಹೇಳಿಯೇಬಿಟ್ಟೆ. ಯಾವ ರಸ್ತೆ ಬೇಡ, ಎಷ್ಟು ಹೊತ್ತಿಗೆ, ಅಲ್ಲಿ ಏನು ಹೋಗುತ್ತದೆ. ಮೂರೂ.

ರಸ್ತೆಯ ನಂಬರನ್ನು ಇಲ್ಲೂ ಬರೆಯುವುದಿಲ್ಲ.

ಹೆಡ್‌ಫೋನಿನಲ್ಲಿ ಬೀಜದ ಹಾಡು ಕೇಳಿತು. ತಲೆ ಎತ್ತಿದರೆ ಒಫೀಲಿಯ ಎದ್ದು ನಿಂತಿದ್ದಾಳೆ. ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ಎದೆಯ ಮೇಲೆ. ಒಳಗೆ ಬಂದಳು.

"ತಲೆ ಕೆಟ್ಟಿದೆಯೇನ್ರಿ ಆರ್ವಲ್ ನಿಮಗೆ?"

"ಹೊರಗೆ ಹೋಯ್ತಾ? ಹೇಳೇ, ಹೋಯ್ತಾ?"

"'ಕೇಳಪ್ಪಾ' ಅನ್ನೋತನಕ ಹೋಯ್ತು. ಆಮೇಲೆಲ್ಲ ಹಾಡು." ಉಸಿರು ಬಿಟ್ಟಳು. "ಯಾರು ಹೇಳಿದ್ದು ನಿಮಗೆ?"

ಹೆಡ್‌ಫೋನ್ ತೆಗೆದಿಟ್ಟೆ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಮಾರ್ಲಿಸ್‌ಗೆ ಏಳು ತಿಂಗಳಲ್ವಾ," ಎಂದಳು ಮೆಲ್ಲಗೆ. "ಟ್ರೆಂಟ್ ಬ್ಯಾಡ್ಜ್ ಸಂಜೆಯೊಳಗೆ ಕಿತ್ಕೊಳ್ತಿದ್ರು. ಕೋರ್ಟಿಗೂ ಎಳೀತಿದ್ರು."

"ಅಯ್ಯೋ ದೇವರೇ."

"ದೇವರಲ್ಲ, ನಾನು. ನೀರು ಕುಡೀರಿ. ಹಾಡು ಮುಗೀತಾ ಬಂತು. ಇನ್ನು ಬರೀ ಹವಾಮಾನ ಓದಬೇಕು, ತಿಳೀತಾ? ಬರೀ ಹವಾಮಾನ."

ಓದಿದೆ. ಎಂಟರ ಹೊತ್ತಿಗೆ ಪಾರ್ಕಿಂಗ್‌ನಲ್ಲಿ ನಿಂತಿದ್ದೆ. ಹೆಲಿಕಾಪ್ಟರ್ ಸದ್ದು ಬಂತು, ದಕ್ಷಿಣಕ್ಕೆ ಸರಿಯಿತು, ಕ್ಷೀಣವಾಯಿತು. ಆ ಟ್ರಕ್ಕಿನ ಸುತ್ತ ಬಂದೂಕು ಹಿಡಿದು ಹೋಗುವವರಿಗೆ ಇಪ್ಪತ್ತು ಇಪ್ಪತ್ತೆರಡು ವಯಸ್ಸು. ಅವರಿಗೆ ಏನೂ ಆಗಲಿಲ್ಲ. ಟ್ರೆಂಟ್‌ಗೆ ಏನೂ ಆಗಲಿಲ್ಲ. ಅರವತ್ತೆಂಟು ವರ್ಷ ದೇವರಿಗೆ ಏನೇನಕ್ಕೋ ವಂದನೆ ಹೇಳಿದ್ದೇನೆ. ಏನೂ ಆಗಲಿಲ್ಲ ಎಂದು ವಂದನೆ ಹೇಳಿದ್ದು ಇವತ್ತೇ ಮೊದಲು.

ಅಕ್ಟೋಬರ್ 25, ಶುಕ್ರವಾರ

ಇದನ್ನು ಯೋಚಿಸಿಯೇ ಇರಲಿಲ್ಲ.

ಕೆಫೆಗೆ ಕಾಲಿಟ್ಟೆ, ಎಲ್ಲರೂ ಚಪ್ಪಾಳೆ. ಹಾಲಿಸ್ — ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಟ್ರಾಕ್ಟರ್ ಮಾರುತ್ತಾನೆ — ಬೆನ್ನಿಗೆ ಗುದ್ದಿದ.

"ಕೊನೆಗೂ ಬಾಯಿ ಬಿಟ್ಟೆಯಲ್ಲೋ ಆರ್ವಲ್! ಸೆನೆಟರ್‌ಗೆ ಏನಂದೆ? ನನಗಾದ್ರೂ ಹೇಳೋ."

"ಏನೂ ಅನ್ನಲಿಲ್ಲ ಮಾರಾಯ."

"ಏನೂ ಅನ್ನದೆ ಬೀಜದ ಹಾಡು ಬರುತ್ತಾ? ಎಷ್ಟಕ್ಷರದ್ದು ಅಂತನಾದ್ರೂ ಹೇಳು!"

ಅಲ್ಲ ಎನ್ನುವಂತಿಲ್ಲ. ಅಲ್ಲ ಎಂದರೆ ಮತ್ತೇನು ಎನ್ನುತ್ತಾರೆ. ತಲೆ ತಗ್ಗಿಸಿ ಕಾಫಿ ಕುಡಿದೆ. ಹಾಲಿಸ್ ನನಗೆ ಸೇಬಿನ ಪೈ ಕೊಡಿಸಿದ. ಮಾಡದ ಪಾಪಕ್ಕೆ ಸಿಕ್ಕಿದ ಬಹುಮಾನ. ಪೈ ಚೆನ್ನಾಗಿಯೇ ಇತ್ತು.

ಮನೆಯಲ್ಲಿ ಹೆಂಡತಿ ವರ್ನಾ ಬಟ್ಟೆ ಮಡಚುತ್ತಿದ್ದಳು. ಮುಖ ಎತ್ತಲಿಲ್ಲ. "ನಲವತ್ತು ವರ್ಷ ಸಂಸಾರ ಮಾಡಿದ್ದೀನಿ, ಒಂದು ಕೆಟ್ಟ ಮಾತು ಕೇಳಿಲ್ಲ. ರೇಡಿಯೋಗೆ ಅಂತ ಇಟ್ಕೊಂಡಿದ್ರೇನ್ರೀ?" ಅವಳಿಗೂ ಹೇಳಲಿಲ್ಲ. ಹೇಳಿದರೆ ಮಗಳಿಗೆ ಹೇಳುತ್ತಾಳೆ. ಮಗಳು ರಾತ್ರಿ ನಿದ್ದೆ ಬಿಡುತ್ತಾಳೆ.

ಸಂಜೆ ಟ್ರೆಂಟ್ ಬಂದ. ಗಾಡಿಯಿಂದ ಇಳಿಯಲೇ ಇಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದಿದ್ದ.

"ನಿನ್ನೆ ರೇಡಿಯೋ ಹಾಕ್ಕೊಂಡೇ ಇದ್ದೆ ಮಾವ. ಆ ಡ್ರೈವರ್ ಕೇಳಿದ್ದು ಕೇಳಿಸ್ತು. ಆಮೇಲೆ ಹಾಡು ಬಂತು." ಈಗ ನನ್ನ ಕಡೆ ತಿರುಗಿದ. "ಬೈದ್ರಿ ತಾನೇ?"

"ಬೈದೆ ಕಣಪ್ಪ."

"ಸರಿ ಮಾವ." ಕಣ್ಣು ಒರೆಸಿಕೊಂಡ. "ಬೈದಿದ್ದು ಒಳ್ಳೇದಾಯ್ತು."

ಇಬ್ಬರೂ ಅಲ್ಲಿಗೇ ಬಿಟ್ಟೆವು.

ಅಕ್ಟೋಬರ್ 27, ಭಾನುವಾರ

ಪಾಸ್ಟರ್ ಲಿಂಡ್‌ಹೋಮ್ ಇವತ್ತು ನಾಲಿಗೆಯನ್ನು ಹಿಡಿತದಲ್ಲಿಡುವ ಬಗ್ಗೆ ಪ್ರಸಂಗ ಮಾಡಿದರು. ಇಡೀ ಚರ್ಚು ನನ್ನ ಕಡೆ ನೋಡಬಾರದೆಂದು ಕಷ್ಟಪಡುತ್ತಿತ್ತು. ಬಾಗಿಲಲ್ಲಿ ಕೈ ಹಿಡಿದು, "ಒತ್ತಡ ಇದ್ದಾಗ ಯಾರ ಬಾಯಲ್ಲಾದ್ರೂ ಬರುತ್ತೆ ಆರ್ವಲ್," ಎಂದರು. ಇಷ್ಟು ಸರಿಯಾದ ಉಪದೇಶ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಕಾರಣ ಮಾತ್ರ ಅವರಿಗೆ ಗೊತ್ತಿಲ್ಲ.

ಅಕ್ಟೋಬರ್ 30, ಬುಧವಾರ

ಎರಡು ದಿನದಿಂದ ಊಟ ಸೇರಿಲ್ಲ. ಸೋಮವಾರ ಸ್ಟೇಷನ್ ಮುಂದೆ ಒಫೀಲಿಯಳ ಕಾರಿಗೆ ಒರಗಿಕೊಂಡು ಆಚೆ ಪಕ್ಷದ ಕೌಂಟಿ ಅಧ್ಯಕ್ಷೆ ಮಾತಾಡುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು.

ನ್ಯಾಯವಾಗಿ ನೋಡಿದರೆ ಒಫೀಲಿಯ ನಿಜ ಹೇಳಲೇಬೇಕು. ಸೋರಿಕೆ ಸೋರಿಕೆ ಎಂದು ಮೂರು ತಿಂಗಳು ಕೂಗಿದವನು ತಾನೇ ಸಿಡಿತಲೆಯ ದಾರಿ ಹೇಳಿದ! ಅವಳ ಜಾಗದಲ್ಲಿ ನಾನಿದ್ದು, ಗಾಜಿನ ಈಚೆ ಸೆನೆಟರ್ ಕಡೆಯವನು ಇದ್ದಿದ್ದರೆ? ಬಾಯಿ ಮುಚ್ಚಿಕೊಂಡಿರುತ್ತಿದ್ದೆನಾ? ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ನಾಚಿಕೆ.

ಇವತ್ತು ತಡೆಯಲಾರದೆ ಒಫೀಲಿಯಳನ್ನೇ ಕೇಳಿಬಿಟ್ಟೆ. "ಆವತ್ತಿನ ವಿಷಯ ಆ ಅಧ್ಯಕ್ಷೆ ಕೇಳಿದ್ಲಾ?"

"ಕೇಳದೆ ಬಿಡ್ತಾಳಾ? ಊರಿಗೆ ಊರೇ ಕೇಳ್ತಿದೆ."

"ಏನಂದೆ?"

"ಬೈದ ಅಂದೆ. ಬಾಯಿ ತುಂಬ ಬೈದ ಅಂದೆ. ಏನಂತ ಬೈದ ಅಂತ ಪ್ರಾಣ ತಿಂದಳು. ನಾನು ಚರ್ಚಿಗೆ ಹೋಗೋ ಹೆಂಗಸು, ಅಂಥದ್ದನ್ನೆಲ್ಲ ಬಾಯಲ್ಲಿ ಆಡಲ್ಲ ಅಂದೆ."

ನಗು ಬಂತು. "ನಿಜ ಹೇಳಿದ್ರೆ ನಿನ್ನ ಸೆನೆಟರ್‌ಗೆ ಈ ಕೌಂಟಿಲಿ ಇನ್ನೂರು ಓಟು ಹೆಚ್ಚಿಗೆ ಬೀಳ್ತಿತ್ತು ಒಫೀಲಿಯ."

"ಇನ್ನೂರಾ! ನಿಮ್ಮನ್ನ ನೀವು ಭಾರಿ ದೊಡ್ಡೋರು ಅಂದ್ಕೊಂಡಿದ್ದೀರಿ." ಕೇಬಲ್ ಸುತ್ತುವುದನ್ನು ನಿಲ್ಲಿಸಿದಳು. ನಗು ಹೋಯಿತು. "ಆ ಟ್ರಕ್ಕು ನನ್ನ ಮನೆ ಮುಂದೇನೇ ಹೋಗೋದು ಆರ್ವಲ್. ನಮ್ಮಪ್ಪ ಬಗ್ಗಿ ಬಗ್ಗಿ ಬೀಟ್ ಕಳೆ ತೆಗೆದ ಹೊಲದ ಬೇಲಿಯಾಚೆ ಒಂದು ಕ್ಷಿಪಣಿ ಇದೆ. ಅದರ ಪಕ್ಕದಲ್ಲೇ ಹುಟ್ಟಿ ಬೆಳೆದೋಳು ನಾನು. ದೇಶನ ಏನು ನಿಮ್ಮ ಪಕ್ಷದೋರು ಮಾತ್ರ ಕಾಯ್ತಿದ್ದೀರಾ?"

ಕೇಬಲ್ಲಿನ ಇನ್ನೊಂದು ತುದಿ ಹಿಡಿದು ಸುತ್ತಲು ಕೈ ಜೋಡಿಸಿದೆ.

ನಾನು ಗವರ್ನರ್ ಕಡೆಯವನೇ. ಸೆನೆಟರ್ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಮನುಷ್ಯ ಸಡಿಲ, ಅದು ಸಡಿಲವೇ. ಆದರೆ ಚುನಾವಣೆಯ ಹಿಂದಿನ ದಿನಕ್ಕೆಂದು ಒಂದು ಸಾಲು ಬರೆದಿಟ್ಟಿದ್ದೆ: "ಇವನಿಗೆ ಓಟು ಹಾಕುವವರಿಗೆ ದೇಶದ ಗುಟ್ಟು ಕಾಯೋದು ಏನಂತ ಗೊತ್ತಿಲ್ಲ." ಬಹಳ ಇಷ್ಟಪಟ್ಟು ಬರೆದದ್ದು. ಹೊಡೆದು ಹಾಕಿದೆ. ಆಮೇಲೆ ಎರಡು ತಟ್ಟೆ ಊಟ ಮಾಡಿದೆ.

ನವೆಂಬರ್ 4, ಸೋಮವಾರ

ಜಾಹೀರಾತು ಕೊಡುವವರಿಗೆ ಸಿಟ್ಟು ಬಂದಿದೆಯಂತೆ, ಮಾಲೀಕರು ಕ್ಷಮೆ ಕೇಳು ಎಂದರು. ಕೇಳಿದೆ. "ಆವತ್ತು ಬೆಳಿಗ್ಗೆ ನನ್ನ ಬಾಯಿಂದ ಬರಬಾರದ ಮಾತು ಬಂತು. ತಪ್ಪಾಯ್ತು. ಮನಸಾರೆ ತಪ್ಪಾಯ್ತು." ರೇಡಿಯೋದಲ್ಲಿ ಇಷ್ಟು ವರ್ಷ ಆಡಿದ ಮಾತುಗಳಲ್ಲಿ ಇದಕ್ಕಿಂತ ನಿಜವಾದದ್ದು ಇನ್ನೊಂದಿಲ್ಲ. ಗಾಜಿನಾಚೆ ಒಫೀಲಿಯ ಬಾಯಿಗೆ ಸ್ವೆಟರ್ ಒತ್ತಿಕೊಂಡು ನಗುತ್ತಿದ್ದಳು.

ಮಿಕ್ಕ ಹೊತ್ತು ಗವರ್ನರ್ ಯಾಕೆ ಬೇಕು ಎಂದು ಹೇಳಿದೆ. ಸೇನೆ, ಗಡಿ, ನಮ್ಮನ್ನು ನಂಬಿದ ದೇಶಗಳು. ಯಾರನ್ನೂ ದೇಶಕ್ಕೆ ಬೇಡದವರು ಎನ್ನಲಿಲ್ಲ. ಹಾಲಿಸ್‌ಗೆ ಸಪ್ಪೆ ಎನಿಸಿತಂತೆ.

ನವೆಂಬರ್ 5, ಮಂಗಳವಾರ

ಓಟು ಹಾಕಿದೆ. ಸಾಲಿನಲ್ಲಿ ನನ್ನ ಮುಂದೆ ಒಫೀಲಿಯ. "ನಾವಿಬ್ರೂ ಮನೆಗೆ ಹೋಗಿಬಿಟ್ರೂ ಲೆಕ್ಕ ಅಷ್ಟೇ ಆಗುತ್ತೆ," ಎಂದೆ. "ಹಾಗಾದ್ರೆ ನೀವು ಮೊದಲು ಹೋಗಿ," ಎಂದಳು. ಇಬ್ಬರೂ ಹೋಗಲಿಲ್ಲ. ಹೊರಗೆ ಬಿಸಿಲು. ಇಂಥ ದೇಶದಲ್ಲಿ ಹುಟ್ಟಿಸಿದ್ದಕ್ಕೆ ದೇವರಿಗೆ ಎಷ್ಟು ಸಲ ಕೈಮುಗಿದರೂ ಸಾಲದು.

ನವೆಂಬರ್ 6, ಬುಧವಾರ. ಹನ್ನೊಂದು ಗಂಟೆ

ಸೋತೆವು.

ನಮ್ಮ ಕೌಂಟಿ ಗೆದ್ದಿತು, ದೇಶ ಸೋತಿತು. ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ಜನವರಿಯಿಂದ ಈ ಹೊಲಗಳ ಕೆಳಗಿರುವುದೆಲ್ಲ ಸೆನೆಟರ್‌ನ ಮಾತಿಗೆ ಕಾಯುತ್ತದೆ. ಬೆಳಿಗ್ಗೆ ದಾರಿಯುದ್ದಕ್ಕೂ ಅವನಿಗಾಗಿ ಪ್ರಾರ್ಥನೆ ಮಾಡಿದೆ. ಹಲ್ಲು ಕಚ್ಚಿಕೊಂಡು ಮಾಡಿದೆ, ಆದರೂ ಮಾಡಿದೆ.

ಸ್ಟುಡಿಯೋದಲ್ಲಿ ನನ್ನ ಕುರ್ಚಿಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಟಮಾಲೆ, ಜೋಳದ ಹಿಟ್ಟಿನ ಮೆಕ್ಸಿಕನ್ ಕಡುಬು, ಇನ್ನೂ ಬಿಸಿ. "ಸೋತೋರಿಗೆ," ಎಂದಳು ಒಫೀಲಿಯ. ಜಂಬ ಇಲ್ಲ, ಕುಣಿದಾಟ ಇಲ್ಲ. ಕಾಫಿಯನ್ನೂ ಹಾಕಿಟ್ಟಿದ್ದಳು. "ಇವತ್ತು ಏನು ಮಾತಾಡ್ತೀರಾ?"

"ಥ್ಯಾಂಕ್ಸ್ ಹೇಳ್ತೀನಿ."

"ಯಾರಿಗೆ?"

ಹೆಡ್‌ಫೋನ್ ಹಾಕಿಕೊಂಡೆ. ಅವಳು ಕಣ್ಣು ಕಿರಿದು ಮಾಡಿ ನೋಡಿ ಗಾಜಿನಾಚೆ ಹೋದಳು.

ಹೇಳಿದೆ. ಇನ್ನು ಮುಂದೆ ಸೆನೆಟರ್ ನಮ್ಮೆಲ್ಲರ ಅಧ್ಯಕ್ಷ, ತಪ್ಪು ಮಾಡಿದರೆ ಇದೇ ಮೈಕಿನಿಂದ ಬಿಡುವುದಿಲ್ಲ ಎಂದೆ. ಓಟು ಹಾಕಿದವರಿಗೆ, ಎಣಿಸಿದವರಿಗೆ, ನೆಲದಡಿ ಕ್ಷಿಪಣಿಗಳಿಗೆ ಕಾವಲು ಕೂತವರಿಗೆ ವಂದನೆ ಹೇಳಿದೆ. ಆಮೇಲೆ ಎದೆ ತುಂಬಿ ಬಂತು. "ಇನ್ನೊಬ್ಬರಿದ್ದಾರೆ, ಒಫೀಲಿಯ ಇಬಾರಾ ಅಂತ. ಅವರು ನನ್ನ ಪಕ್ಷದೋರಲ್ಲ. ಈ ಕೌಂಟಿನ ನನಗಿಂತ ಚೆನ್ನಾಗಿ ಕಾದೋರು. ಅವರು ಆವತ್ತು —"

ಬೀಜದ ಹಾಡು.

ಎದ್ದು ಹೋದೆ. "ಥ್ಯಾಂಕ್ಸ್ ಅನ್ನೋದು ಬೈಗುಳ ಏನೇ?"

"ಯಾಕೆ ಥ್ಯಾಂಕ್ಸ್ ಅಂತ ಕೇಳ್ತಾರಲ್ಲ, ಏನು ಹೇಳ್ತೀರಾ?" ಎಂದಳು. "ಟ್ರೆಂಟ್ ಹೆಸರು ಹೇಳ್ತೀರಾ?"

ನಿಂತುಬಿಟ್ಟೆ. ಎರಡನೇ ಸಲವೂ ಅವಳೇ ಕಾಪಾಡಿದ್ದಳು.

"ಗುಟ್ಟು ಅಂದ್ರೆ ಗುಟ್ಟು ಆರ್ವಲ್. ನೀವೇ ಅಲ್ವಾ ಮೂರು ತಿಂಗಳಿಂದ ಹೇಳ್ತಿರೋದು?" ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. "ನನಗೆ ಕೇಳಿಸ್ತು. ಸಾಕು. ಟಮಾಲೆ ಆರೋಗುತ್ತೆ, ತಿನ್ನಿ."

ತಿಂದೆ. ಇಷ್ಟು ರುಚಿಯಾದದ್ದನ್ನು ಈ ವರ್ಷ ತಿಂದಿರಲಿಲ್ಲ.

ಹತ್ತಕ್ಕೆ ಮನೆಗೆ ಬಂದರೆ ಹಾಲಿಸ್‌ನ ಫೋನ್: "ಸೋತ ಸಿಟ್ಟಿಗೆ ಮತ್ತೆ ಬೈದೆಯಂತಲ್ಲೋ! ಅದೂ ಪಾಪ, ಆ ಒಫೀಲಿಯಳ ಹೆಸರು ಹಿಡಿದು, ನಮ್ಮ ಪಕ್ಷದೋಳಲ್ಲ ಅಂತ!" ವರ್ನಾ ಸೊಂಟದ ಮೇಲೆ ಕೈಯಿಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ.

ಹೊರಗೆ ಕಾರು ನಿಂತ ಸದ್ದು. "ಬನ್ನಿ ಪಾಸ್ಟರ್, ಒಳಗೇ ಇದ್ದಾರೆ. ನಿಮ್ಮ ಮಾತಾದ್ರೂ ಕೇಳ್ತಾರೇನೋ ನೋಡಿ," ಎನ್ನುತ್ತಿದ್ದಾಳೆ ವರ್ನಾ.

ಬೈದೆ ಎಂದೇ ಹೇಳುತ್ತೇನೆ. ಸಂತೋಷದಿಂದ ಹೇಳುತ್ತೇನೆ. ಆದರೆ ಒಬ್ಬ ಒಳ್ಳೆ ಹೆಂಗಸಿಗೆ ಏನಂತ ಬೈದೆಯೋ ಆರ್ವಲ್ ಎಂದು ಅವರು ಕೇಳಿದರೆ—