ಸಾಸಿ ಬಿಡಿಸಿದ ತೋಟ

ಸೆಪ್ಟೆಂಬರ್ 26, ಗುರುವಾರ

ಬೆಳಿಗ್ಗೆ ಎಂದಿನಂತೆ ತೋಟ ಸುತ್ತಲು ಹೋದೆ. ಊರಿನ ತೆಂಗಿಗೆ ಸಾಸಿ ಹಾಕಿದೆ, ನಮ್ಮ ದ್ವೀಪದಲ್ಲಿ ಕ್ರೈಸ್ತರೂ ಮುಸ್ಲಿಮರೂ ಪಾಲಿಸುವ ಹಳೇ ಕಟ್ಟಳೆ – ಪಾದ್ರಿ ಪ್ರಾರ್ಥನೆ ಮಾಡಿ ಬಿಡಿಸುವವರೆಗೆ ಬಿದ್ದ ಕಾಯಿಯನ್ನೂ ಯಾರೂ ಮುಟ್ಟುವಂತಿಲ್ಲ. ಕಾವಲು ನನ್ನದು. ಗುರುತಿನ ಎಳೆಗರಿ ಕಟ್ಟುತ್ತಿದ್ದೆ... ನೆಲ ನಡುಗಿತು. ಮರ ತಬ್ಬಿಕೊಂಡು ಕೂತುಬಿಟ್ಟೆ. ಚರ್ಚಿನ ಗೋಡೆ ಬಿರುಕು. ನಮ್ಮವರೆಲ್ಲ ಉಳಿದರು, ದೇವರು ದೊಡ್ಡವನು.

ಮಧ್ಯಾಹ್ನ ಕೆಳಗಿನ ಕಡಲೂರಿನವರು ಗುಡ್ಡ ಹತ್ತಿ ಬಂದರು. ಮುಸ್ಲಿಮರು. ಸಮುದ್ರ ಏರುತ್ತದೆಂಬ ಭಯ. ನಮ್ಮ ತೆಂಗಿನ ಕೆಳಗೇ ಟಾರ್ಪಾಲು ಕಟ್ಟಿದ್ದಾರೆ. ಇಪ್ಪತ್ತು ವರ್ಷದ ಹಿಂದೆ, ಅವರಿಗೂ ನಮಗೂ ನಡೆದ ಗಲಭೆಯಲ್ಲಿ, ನನ್ನ ತಮ್ಮ ಝೆತ್ ಇವರ ದಂಡೆಗೆ ಹೋದವನು ವಾಪಸ್ ಬರಲಿಲ್ಲ. ಊರ ಯಜಮಾನರು, ಇರಲಿ ಬಿಡು ಅಂದರು. ಇರಲಿ. ನನ್ನ ಕೈಯಿಂದ ಮಾತ್ರ ಇವರಿಗೆ ಒಂದು ಹನಿ ನೀರೂ ಸಿಗುವುದಿಲ್ಲ.

ಸೆಪ್ಟೆಂಬರ್ 28

ಕತ್ತಿ ಹಿಡಿದೇ ಸುತ್ತಿದೆ. ಒಂದು ಕಾಯಿಯೂ ಹೋಗಿಲ್ಲ. ನಿಜ ಹೇಳಬೇಕೆಂದರೆ ಬೇಜಾರಾಯಿತು. ಒಂದಾದರೂ ಕದ್ದಿದ್ದರೆ ಓಡಿಸಬಹುದಿತ್ತು.

ಹೆಂಡತಿ ಓರ್ಪಾ ಅವರಿಗೆ ಸಾಗೊ ಮರದ ಹಿಟ್ಟಿನ ರೊಟ್ಟಿ ಕೊಟ್ಟು ಬಂದಿದ್ದಾಳೆ. ರೇಗಿದರೆ, ನಿಮ್ಮ ಕೈಯಿಂದ ಕೊಡಲಿಲ್ಲವಲ್ಲ ಅಂದಳು.

ಅಕ್ಟೋಬರ್ 1, ಮಂಗಳವಾರ

ಭೂಕಂಪದ ನಂತರ ಒರತೆಯ ನೀರೆಲ್ಲ ಕೆಸರು. ಟಾರ್ಪಾಲಿನ ಮಕ್ಕಳಿಗೆ ವಾಂತಿ, ಭೇದಿ. ರಸ್ತೆ ಕುಸಿದಿದೆ, ಡಾಕ್ಟರ್ ಬಂದಿಲ್ಲ.

ಮಧ್ಯಾಹ್ನ ಅವರಲ್ಲೊಬ್ಬ ಮುದುಕ ಬಾಗಿಲಿಗೆ ಬಂದ. ಹೆಸರು ಜೈನಲ್ ಅಂತೆ. ಎರಡೂ ಕೈಯಲ್ಲಿ ಒಂದು ಎಳನೀರು. ಆಗಷ್ಟೇ ಮತ್ತೆ ನಡುಗಿತಲ್ಲ, ಅವನ ಟಾರ್ಪಾಲಿನ ಪಕ್ಕದಲ್ಲೇ ಬಿದ್ದಿತ್ತಂತೆ.

“ಸಾಸಿದು ಅಣ್ಣಾ. ತಗೊಳ್ಳಿ.”

ಅಷ್ಟೇ ಹೇಳಿದ. ನಾನೂ ತೆಗೆದುಕೊಂಡೆ. ಹೋದ.

ಓರ್ಪಾ ಒಳಗಿಂದ ಬಂದಳು. “ಅವನ ಮೊಮ್ಮಗಳು ಸಲ್ವಾಗೆ ನಿನ್ನೆಯಿಂದ ಒಂದು ಗುಟುಕು ನೀರೂ ದಕ್ತಿಲ್ಲ. ಇಸ್ಕೊಂಡ್ರಾ?”

ಗೊತ್ತಿರಲಿಲ್ಲ ಅಂದೆ. ಕೇಳಿದಿರಾ ಅಂದಳು. ನಾಚಿಕೆಯಾಯಿತು.

ಅದೇ ದಿನ, ಸಂಜೆ

ಕುಂಟುಕಾಲಲ್ಲೇ ಪಾದ್ರಿಯ ಹತ್ತಿರ ಓಡಿದೆ. ಕಾವಲುಗಾರ ಬಾಯಿಬಿಟ್ಟು ಕೇಳದೆ ಸಾಸಿ ಬಿಡಿಸುವಂತಿಲ್ಲ, ನೀನು ಕೇಳುತ್ತೀಯಾ ಅಂದರು. ಝೆತ್ ಕಣ್ಣ ಮುಂದೆ ಬಂದ. ಆದರೂ ಕೇಳಿದೆ.

ಮರದ ಬುಡದಲ್ಲೇ ಪ್ರಾರ್ಥನೆ. ಊರಿನ ಅರ್ಧ ಜನ ಮುಖ ತಿರುಗಿಸಿ ನಿಂತಿದ್ದರು. ಜೈನಲ್‌ಗೆ ನೀನೂ ದುವಾ ಮಾಡು ಅಂದೆ. ಮಾಡಿದ. ಅವನು ತಂದುಕೊಟ್ಟ ಕಾಯನ್ನೇ ಕೆತ್ತಿ ಸಲ್ವಾಗೆ ಚಮಚದಲ್ಲಿ ನಾನೇ ಕುಡಿಸಿದೆ. ಮೊದಲು ಕಕ್ಕಿದಳು. ಆಮೇಲೂ ಕಕ್ಕಿದಳು. ಬಿಡದೆ ಕುಡಿಸಿದೆ... ದಕ್ಕಿತು. ಅವಳಮ್ಮ ಅಳುತ್ತಾ ಕೂತಳು.

ಮಗು ಹಾಗಿರುವಾಗ ನೀನೇ ಒಡೆದು ಕುಡಿಸಬಾರದಿತ್ತೇನೋ ಮಾರಾಯ ಅಂತ ಜೈನಲ್‌ಗೆ ಬೈದೆ.

“ಆ ಗಲಭೆ ವರ್ಷ ನಿಮ್ಮವರು, ನಮ್ಮವರು, ಎಲ್ಲಾ ಮುರಿದು ಹಾಕಿದ್ವಿ ಅಣ್ಣಾ. ಸಾಸಿ ಒಂದು ಉಳಿದಿತ್ತು. ಅದನ್ನೂ ನಾನೇ ಮುರೀಲಾ?”

ಕತ್ತಿ ತೆಗೆದು ಇನ್ನೊಂದು ಕಾಯಿ ಕೆತ್ತಿದೆ.

ಅಕ್ಟೋಬರ್ 5, ಶನಿವಾರ

ಮೂರು ದಿನ ಈ ಪುಸ್ತಕ ಮುಟ್ಟಲು ಪುರುಸೊತ್ತಿರಲಿಲ್ಲ. ಎರಡೂ ಊರಿನ ಹುಡುಗರು ಮರ ಹತ್ತಿ ಕಾಯಿ ಇಳಿಸುತ್ತಿದ್ದಾರೆ, ನಾನು ಮುಂದು ತಾನು ಮುಂದು ಅಂತ ಜಗಳ ಬೇರೆ. ಟಾರ್ಪಾಲಿನ ಮಕ್ಕಳಿಗೆ ಕುಡಿಯಲು ಎಳನೀರು, ಬಲಿತದ್ದು ಎರಡೂ ಊರಿನ ಅಡುಗೆಗೆ. ಸಲ್ವಾ ಎದ್ದಿದ್ದಾಳೆ. ನನ್ನ ಕುಂಟು ನಡಿಗೆ ನೋಡಿ ಅಣಕಿಸುತ್ತಾಳೆ, ತರಲೆ.

ಜೈನಲ್ ಜಗಲಿಗೆ ಬಂದಿದ್ದ. ಅವನ ದೊಡ್ಡ ಮಗ ರಿದ್ವಾನ್ ಕೂಡ ಅದೇ ವರ್ಷ ಹೋದವನಂತೆ. ನಮ್ಮ ಗುಡ್ಡದ ದಾರಿಯಲ್ಲಿ. ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲೂ ಇಲ್ಲ.

ನಾಳೆ ಆರಾಧನೆಯಲ್ಲಿ ಪಾದ್ರಿ ಆ ವರ್ಷ ಸತ್ತವರ ಹೆಸರು ಹೇಳುತ್ತಾರೆ. ಝೆತ್ ಜೊತೆ ರಿದ್ವಾನ್ ಹೆಸರೂ ಹೇಳಿಸಲಾ ಅಂತ ಕೇಳಿದೆ. ಬಾಯಲ್ಲಿದ್ದ ಅಡಿಕೆ ಉಗಿದು ಬಂದ.

“ಹೇಳ್ಸಿ. ಅವನಮ್ಮನ್ನೂ ಕರ್ಕೊಂಡು ಬರ್ತೀನಿ. ಹೊರಗೇ ನಿಂತು ಕೇಳ್ತಾಳೆ.”

ಚರ್ಚು ಬಿರುಕು ಬಿಟ್ಟಿದೆಯಲ್ಲಪ್ಪ, ನಾವೂ ಹೊರಗೇ ಕೂರೋದು ಅಂದೆ.

ಓರ್ಪಾ ನಾಳೆಗೆ ಚರ್ಚಿನ ಮುಂದೆ ಚಾಪೆ ಹಾಸಲು ಕರೆಯುತ್ತಿದ್ದಾಳೆ. ರಿದ್ವಾನನ ತಾಯಿಗೆ ಮುಂದಿನ ಸಾಲಿನಲ್ಲಿ, ನಮ್ಮ ಪಕ್ಕ—