ಟೈಲರಮ್ಮನ ಗಾಡಿ ಸೇರಿದ ಪಿನ್ನು

ರೀ,

ಹಾಲು ಕಾಯಿಸಿಟ್ಟಿದ್ದೀನಿ, ಆರುವ ಮೊದಲು ಕುಡಿಯಿರಿ.

ನನ್ನ ಗಾಡಿ ಪೆಟ್ರೋಲ್ ಸೋರ್ತಿದೆ ಅಂದಾಗಲೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ಕಾರ್ಬುರೇಟರಿಗೆ ಎರಡು ಏಟು ತಟ್ಟಿ, "ಸರಿಹೋಯ್ತು, ಹೋಗೇ" ಅಂತೀರಿ. ಎದುರುಮನೆ ಟೈಲರಮ್ಮ ಒಂದೇ ಒಂದು ಸಲ "ಅಯ್ಯೋ, ಸೋರ್ತಿದೆ" ಅಂದಿದ್ದಕ್ಕೆ ಭಾನುವಾರವೆಲ್ಲ ಅವಳ ಗಾಡಿ ಬಿಚ್ಚಿಕೊಂಡು ಕೂತಿರಿ. ಅದರ ಮೇಲೆ ನಿಮ್ಮ ಆ ನಗು ಬೇರೆ!

ನಿನ್ನೆ ನನ್ನದನ್ನ ನಾನೇ ಬಿಚ್ಚಿದೆ. ಪೈಪು ಸೀಳಿಲ್ಲ, ವಾಷರ್ರೂ ಗಟ್ಟಿಯಾಗಿದೆ. ಕಾರ್ಬುರೇಟರಿನ ಕೆಳಗಿನ ಬಟ್ಟಲು ತುಂಬಿದ ಮೇಲೆ ಪೆಟ್ರೋಲ್ ತಡೀಬೇಕಲ್ಲ, ಆ ಫ್ಲೋಟ್ ಪಿನ್ನಿನ ಮೂತಿ ಸವೆದುಹೋಗಿದೆ. ನನಗೇ ಅಂತ ಹೊಸದು ತಂದಿದ್ದಿರಲ್ಲ, ನಿಮ್ಮ ಡಬ್ಬಿ ತಡಕಾಡಿದರೆ ಬರೀ ಖಾಲಿ ಕವರ್. ಅವಳದೂ ನಮ್ಮಿಬ್ಬರ ಗಾಡಿಗಳ ಮಾಡೆಲ್ಲೇ ತಾನೇ! ಪಿನ್ನು ಯಾರ ಗಾಡಿ ಸೇರಿತು ಅಂತ ತಿಳಿಯದಷ್ಟು ಪೆದ್ದಿ ನಾನಲ್ಲ.

ಅದಕ್ಕೇ ನಿಮ್ಮ ಗಾಡಿಯ ಪಿನ್ ಕಿತ್ತು ನನ್ನದಕ್ಕೆ ಹಾಕಿಕೊಂಡೆ. ಈಗ ಒಂದು ಹನಿಯೂ ಸೋರ್ತಿಲ್ಲ. ನನ್ನ ಹಳೇದು ನಿಮ್ಮದರಲ್ಲಿದೆ. ಪೆಟ್ರೋಲ್ ಟ್ಯಾಪ್ ಮುಚ್ಚಿದ್ದೀನಿ, ಹತ್ತಿರ ಬೀಡಿ ಹಚ್ಚಬೇಡಿ, ನೀವು ಬೇಕು ನನಗೆ.

ಟ್ಯಾಪ್ ತೆಗೆದ ಮೇಲೆ ಸೋರಿದರೆ ಸ್ಕ್ರೂಡ್ರೈವರ್ ಹಿಡಿಯಿಂದ ಎರಡು ಏಟು ತಟ್ಟಿ. ಸರಿಹೋಗುತ್ತೆ.