ನನ್ನ ಕೈಗಾಗಿ ಕಾದು ಕೂತ ನಲ್ಲಿ

ನಗರದ ನೀರು ಸರಬರಾಜು ಇಲಾಖೆಯ ಮುಖ್ಯಸ್ಥರೇ,

ಮಾನ್ಯರೇ ಎಂದು ಶುರು ಮಾಡಲು ಮನಸ್ಸು ಬರುತ್ತಿಲ್ಲ, ಕ್ಷಮಿಸಿ. ನಮ್ಮ ಬೀದಿಗೆ ಬರಬೇಕಾದ ನೀರನ್ನು ನೀವು ಎರಡು ವರ್ಷ ಬೇಕೆಂದೇ ತಡೆದಿಟ್ಟಿದ್ದೀರಿ, ಅದೂ ನನ್ನ ಹೆಸರಿನಲ್ಲಿ.

ನೆನಪಿದೆಯೇ? ಎಲ್ಲರಿಗೂ ಕುಡಿಯುವ ನೀರು ಸಿಗಬೇಕೆಂದು ಸಾರಲು ನಾನು ಬೈಕಿನಲ್ಲಿ ಜಗತ್ತು ಸುತ್ತಲು ಹೊರಟಾಗ ಬಾವುಟ ಬೀಸಿದವರು ನೀವೇ. ಗ್ಯಾರೇಜಿನ ಗ್ರೀಸು ಇನ್ನೂ ಉಗುರಲ್ಲಿದ್ದ ನನ್ನ ಕೈ ಹಿಡಿದು "ನಮ್ಮ ಹೆಮ್ಮೆಯ ಮಗಳು" ಎಂದಿರಿ. ನಾನೂ ಉಬ್ಬಿಹೋದೆ. ಮರಳುಗಾಡಿನಲ್ಲಿ ಚೈನು ಕಡಿದುಕೊಂಡು, ಮಂಜಿನಲ್ಲಿ ಬಿದ್ದು ಎದ್ದು, ಕಂಡ ಕಂಡ ಶಾಲೆಗಳಲ್ಲಿ "ನಮ್ಮ ಬೀದಿಯಲ್ಲೂ ನಲ್ಲಿಯಿಲ್ಲ" ಎಂದು ಭಾಷಣ ಬಿಗಿದೆ. ಒಂದು ಬಾವಿಯ ಹತ್ತಿರ ಕೊಡ ತುಂಬಿಸುತ್ತಿದ್ದ ಅಜ್ಜಿಯೊಬ್ಬಳು, "ನಿಮ್ಮಲ್ಲಿಗೆ ಯಾವಾಗ ಬರತ್ತಂತೆ?" ಎಂದು ಕೇಳಿದಳು. "ನಾನು ವಾಪಸ್ ಹೋಗೋ ಹೊತ್ತಿಗೆ ಬಂದಿರತ್ತೆ ಅಜ್ಜಿ" ಎಂದೆ. ನಿಮ್ಮ ಮೇಲೆ ಎಂಥ ನಂಬಿಕೆ ನನಗೆ!

ಕಳೆದ ವಾರ ಮನೆಗೆ ಬಂದರೆ, ಬಾಗಿಲೆದುರಿಗೆ ಹೊಸ ನಲ್ಲಿ. ಅದರ ಬಾಯಿಗೆ ಪ್ಲಾಸ್ಟಿಕ್ಕು, ಕುತ್ತಿಗೆಗೆ ಕೆಂಪು ರಿಬ್ಬನ್ನು. ತಿರುಗಿಸಿದೆ, ಹನಿಯೂ ಇಲ್ಲ. ನೀರು ಬಿಡುವವನನ್ನು ಹಿಡಿದು ಕೇಳಿದೆ. "ಅಕ್ಕಾ, ನೀವು ಹೊರಟು ಒಂದೇ ತಿಂಗಳಿಗೆ ಪೈಪ್ ಹಾಕಿ ಮುಗಿಸಿದ್ವಿ. ನೀರು ಬಿಟ್ಟು ನೋಡಿದ್ದೂ ಆಯ್ತು. ಆಮೇಲೆ ಸಾಹೇಬ್ರು ವಾಲ್ವಿಗೆ ಬೀಗ ಹಾಕ್ಸಿದ್ರು. ನೀವು ಪ್ರಪಂಚ ಸುತ್ಕೊಂಡು ಬಂದು, ನಿಮ್ಮ ಕೈಯಿಂದಾನೇ ಉದ್ಘಾಟನೆ ಆಗ್ಬೇಕಂತೆ. ಫೋಟೋ ಚೆನ್ನಾಗಿ ಬರತ್ತಂತೆ" ಎಂದ.

ಆ ಫೋಟೋಗೆ ಬೆಲೆ ತೆತ್ತವರು ಯಾರು ಗೊತ್ತೇ? ನನ್ನಮ್ಮ. ಬಟ್ಟೆ ಹೊಲಿದು ನನ್ನನ್ನು ಸಾಕಿದವಳು. ಕೆಳಗಿನ ಬೀದಿಯಿಂದ ನೀರು ಹೊತ್ತು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೂಳೆ ಸೊಟ್ಟಗೆ ಕೂಡಿಕೊಂಡಿದೆ, ಕತ್ತರಿ ಹಿಡಿಯಲಾಗುವುದಿಲ್ಲ. ಫೋನಿನಲ್ಲಿ ಮಾತ್ರ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ನೀನು ಹುಷಾರಾಗಿ ಓಡ್ಸು" ಎನ್ನುತ್ತಿದ್ದಳು. ಹೊಲಿಗೆ ಮೆಷಿನ್ನಿನ ಮೇಲೆ ಈಗ ಖಾಲಿ ಕೊಡಗಳನ್ನು ಕವುಚಿಟ್ಟಿದ್ದಾಳೆ.

ನಿಮ್ಮ ಕಚೇರಿಗೆ ಬಂದೆ. ತಣ್ಣೀರಿನ ಲೋಟ ಮುಂದಿಟ್ಟು "ಕುಡೀರಿ, ದಣಿದಿದೀರಿ" ಎಂದಿರಿ. ಆಮೇಲೆ, "ಗಣ್ಯರ ಡೇಟ್ ಇನ್ನೂ ಸಿಕ್ಕಿಲ್ಲ ಕಣಮ್ಮ. ಎರಡು ವರ್ಷ ಕಾದೋರಿಗೆ ಇನ್ನೆರಡು ವಾರ ಕಾಯೋಕಾಗಲ್ವಾ?" ಎಂದಿರಿ. ಅಹಾ, ಎಂಥ ಕಾಳಜಿ! ನೀರಿಲ್ಲದ ಊರುಗಳನ್ನು ಬೇಕಾದಷ್ಟು ಕಂಡೆ ಸ್ವಾಮಿ. ಇರುವ ನೀರಿಗೆ ರಿಬ್ಬನ್ ಕಟ್ಟಿ ಕೂರಿಸಿದ ಮಹಾನುಭಾವರನ್ನು ಕಾಣಲು ಮನೆಗೇ ಬರಬೇಕಾಯಿತು. ಇದಕ್ಕೆ ನನ್ನನ್ನೇ ನೆಪ ಮಾಡಿಕೊಂಡಿರಲ್ಲ, ನಾಚಿಕೆಯಾಗುವುದಿಲ್ಲವೇ?

ನಾಳೆ ಬೆಳಗ್ಗೆ ಆ ಬೀಗ ತೆಗೆಸಿ. ಇಲ್ಲವಾದರೆ ನನ್ನ ಗ್ಯಾರೇಜಿನಲ್ಲಿ ಕಬ್ಬಿಣ ಕೊಯ್ಯುವ ಗರಗಸವಿದೆ, ನಾನೇ ಕೊಯ್ಯುತ್ತೇನೆ. ಪೊಲೀಸರನ್ನು ಕರೆಸಿ; ಫೋಟೋ ಆಗ ಇನ್ನೂ ಚೆನ್ನಾಗಿ ಬರುತ್ತದೆ. ಉದ್ಘಾಟನೆಗೆ ಗಣ್ಯರು ಬೇಡ, ನಾನೂ ಬೇಡ. ನಲ್ಲಿಯನ್ನು ಅಮ್ಮ ತಿರುಗಿಸುತ್ತಾಳೆ. ಬಲಗೈಯಲ್ಲಿ ಆಗುವುದಿಲ್ಲ, ಎಡಗೈಯಲ್ಲಿ.

ಇಂತಿ,
ಲೋಕಕ್ಕೆಲ್ಲ ನೀರಿನ ಪಾಠ ಹೇಳಿ, ತನ್ನ ಬೀದಿಯ ನೀರಿಗೇ ಬೀಗವಾದವಳು